ಪ್ಯಾಕೇಜ್ ವಾಪಸ್ ಬಂದಾಗ

ಇವರನ್ನು ‘ವಿ’ ಎನ್ನೋಣ. ವಯಸ್ಸು ಮೂವತ್ತರ ಆಸುಪಾಸು, ಸಾಫ್ಟ್‌ವೇರ್ ಉದ್ಯೋಗಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಿದ್ದೆ ಬರುತ್ತಿಲ್ಲ, ಮೇಲ್ ತೆರೆಯುವುದಕ್ಕೇ ಭಯ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ತೊಂದರೆ ಇರಲಿಲ್ಲ. ಪೆಟ್ಟು ಬಿದ್ದದ್ದು ಬಿಡುವಿನಲ್ಲಿ, ಸಂಬಳವಿಲ್ಲದೆ, ಪ್ರೀತಿಯಿಂದ ಮಾಡುತ್ತಿದ್ದ ಕೆಲಸದಲ್ಲಿ: ಡೆಬಿಯನ್‌ಗಾಗಿ ಒಂದು ಚಿಕ್ಕ ತಂತ್ರಾಂಶವನ್ನು ಪ್ಯಾಕೇಜ್ ಮಾಡುವುದು, ಅಂದರೆ ಬಳಕೆದಾರರು ಸುಲಭವಾಗಿ ಅಳವಡಿಸಿಕೊಳ್ಳುವ ರೂಪಕ್ಕೆ ತರುವುದು.

ಡೆಬಿಯನ್ 1993ರಲ್ಲಿ ಶುರುವಾದದ್ದು, ಸ್ವಯಂಸೇವಕರೇ ಕಟ್ಟುವ ಆಪರೇಟಿಂಗ್ ಸಿಸ್ಟಮ್. ಹೊಸ ಪ್ಯಾಕೇಜ್ ತರುವವರು ಮೊದಲು ಡೆಬಿಯನ್‌ನ ಬಗ್ ಪಟ್ಟಿಯಲ್ಲಿ ‘ಐಟಿಪಿ’ (ಪ್ಯಾಕೇಜ್ ಮಾಡುವ ಉದ್ದೇಶ) ಎಂಬ ಸೂಚನೆ ದಾಖಲಿಸಿ, ಈ ಕೆಲಸ ನಾನು ಹಿಡಿದಿದ್ದೇನೆ ಎಂದು ತಿಳಿಸುತ್ತಾರೆ. ಅಪ್‌ಲೋಡ್ ಹಕ್ಕಿಲ್ಲದಿದ್ದರೆ, ಹಕ್ಕಿರುವ ಒಬ್ಬರು ಸ್ಪಾನ್ಸರ್ ಆಗಿ ಅದನ್ನು ಮಾಡಿಕೊಡಬೇಕು. ಕೊನೆಗೆ ಹೊಸ ಪ್ಯಾಕೇಜ್‌ಗಳ ‘ನ್ಯೂ’ ಸರದಿಯಲ್ಲಿ ಡೆಬಿಯನ್‌ನ ತಂಡವೊಂದು ಪರಿಶೀಲಿಸುತ್ತದೆ. ವಿ ಇದೆಲ್ಲವನ್ನೂ ಮಾಡಿ, ವಾರಗಟ್ಟಲೆ ಕಾದಿದ್ದರು. ಬಂದದ್ದು ‘ರಿಜೆಕ್ಟ್’, ತಿರಸ್ಕಾರದ ಮೇಲ್.

“ನನ್ನ ಯೋಗ್ಯತೆ ಇಷ್ಟೇ ಅನ್ನಿಸಿಬಿಟ್ಟಿತು ಮೇಡಂ.”

ಆ ಮೇಲ್ ಅನ್ನು ಜೋರಾಗಿ ಓದಲು ಹೇಳಿದೆ. ಇದ್ದದ್ದು ನಾಲ್ಕೈದು ಸಾಲು. ಮೂಲ ಕೋಡ್‌ನ ಒಂದು ಒಳ ಫೋಲ್ಡರ್‌ನಲ್ಲಿ ಬೇರೆ ಯಾರೋ ಬರೆದ ಎರಡು ಫೈಲ್‌ಗಳಿವೆ, ಅವು ಬಿಎಸ್‌ಡಿ ಪರವಾನಗಿಯವು, ಯಾವ ಫೈಲ್ ಯಾರದು, ಯಾವ ಪರವಾನಗಿಯದು ಎಂದು ಪಟ್ಟಿ ಮಾಡುವ ‘ಡೆಬಿಯನ್/ಕಾಪಿರೈಟ್’ ಕಡತದಲ್ಲಿ ಅವುಗಳ ಪ್ರಸ್ತಾಪವೇ ಇಲ್ಲ. ವಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಫೈಲ್‌ಗಳನ್ನೂ ಜಿಪಿಎಲ್ ಎಂಬ ಬೇರೊಂದು ಪರವಾನಗಿಯವು ಎಂದು ಬರೆದುಬಿಟ್ಟಿದ್ದರು.

“ಇದರಲ್ಲಿ ನಿಮ್ಮ ಬಗ್ಗೆ ಇರುವ ಸಾಲು ಯಾವುದು?” ಎಂದು ಕೇಳಿದೆ. ಮತ್ತೊಮ್ಮೆ ಓದಿದರು. ಒಂದೂ ಇರಲಿಲ್ಲ.

ಇಲ್ಲಿಗೇ ಬಿಟ್ಟಿದ್ದರೆ ಅದು ಬರೀ ಸಮಾಧಾನದ ಮಾತಾಗುತ್ತಿತ್ತು. ಆ ನಿಯಮ ಯಾರನ್ನು ಕಾಯುತ್ತದೆ ಎಂದು ಅವರಿಂದಲೇ ಹೇಳಿಸಿದೆ. ಹಂಚುವಾಗ ಕರ್ತೃವಿನ ಹಕ್ಕುಸ್ವಾಮ್ಯದ ಸೂಚನೆ ಉಳಿಸಿಕೊಳ್ಳಬೇಕೆಂಬುದು ಬಿಎಸ್‌ಡಿ ಪರವಾನಗಿಯ ಷರತ್ತು. ಆ ಎರಡು ಫೈಲ್ ಬರೆದವರು ಕೇಳಿದ್ದು ಬಹುಪಾಲು ಅಷ್ಟನ್ನೇ. “ಅವರೂ ನನ್ನ ಹಾಗೇ ಪುಕ್ಕಟೆ ಬರೆದವರಿರಬೇಕು” ಎಂದರು ವಿ. ಅವರ ಮುಖ ಸಡಿಲವಾದದ್ದು ಆಗ. ಪರಿಶೀಲಕರನ್ನು ಎದುರಾಳಿಯೆಂದು ನೋಡುವುದು ಅಲ್ಲಿಂದ ಕಡಿಮೆಯಾಯಿತು.

ಸಲಹೆ ಹೆಚ್ಚೇನೂ ಕೊಡಲಿಲ್ಲ. ಪರಿಶೀಲನೆಯ ಮೇಲ್‌ಗಳನ್ನು ರಾತ್ರಿ ತೆರೆಯಬೇಡಿ. ಓದಿದ ದಿನವೇ ಉತ್ತರಿಸಬೇಡಿ. ಬದಲಾಗಬೇಕಾದ ಫೈಲ್ ಯಾವುದೆಂದು ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಕೀಬೋರ್ಡ್ ಮುಟ್ಟಿ. ನಿದ್ದೆ ಹೀಗೇ ಕೆಟ್ಟರೆ ವೈದ್ಯರನ್ನು ಕಾಣಬೇಕೆಂದೂ ಹೇಳಿದೆ. ಉಳಿದ ದಾರಿ ಅವರೇ ಕಂಡುಕೊಂಡರು. ಪ್ಯಾಕೇಜ್‌ನ ತಪ್ಪು ಹುಡುಕುವ ‘ಲಿಂಟಿಯನ್’ ಉಪಕರಣ ಎಚ್ಚರಿಕೆ ಕೊಡಲಿಲ್ಲವೆಂದು ನೆಮ್ಮದಿಯಿಂದ ಇದ್ದರಂತೆ; ಈಗ ಫೈಲ್‌ಗಳ ಪರವಾನಗಿ ಹುಡುಕಿಕೊಡುವ ‘ಲೈಸೆನ್ಸ್‌ಚೆಕ್’ ಓಡಿಸಿ, ಆಮೇಲೆ ಫೋಲ್ಡರ್‌ಗಳನ್ನು ಕಣ್ಣಾರೆ ನೋಡುತ್ತಾರೆ. ತಿರಸ್ಕೃತವಾದದ್ದು ಸಂಗ್ರಹಕ್ಕೆ ಸೇರಿರುವುದಿಲ್ಲ, ಹಾಗಾಗಿ ಅದೇ ಆವೃತ್ತಿ ಸಂಖ್ಯೆಯಲ್ಲಿ ತಿದ್ದಿ ಕಳಿಸಬಹುದು ಎಂದು ಅವರೇ ನನಗೆ ವಿವರಿಸಿದರು.

ಒಂದು ವಿಷಯದಲ್ಲಿ ಮಾತ್ರ ನಾನು ಪಟ್ಟು ಹಿಡಿದೆ. “ಒಮ್ಮೆ ಹಿಡಿದ ಮೇಲೆ ಬಿಡುವ ಹಾಗಿಲ್ಲ” ಎಂಬ ಭಾರ ಅವರ ತಲೆಯ ಮೇಲಿತ್ತು. ಯಾರೂ ಕೆಲಸ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಡೆಬಿಯನ್ ಸಂವಿಧಾನದಲ್ಲೇ ಇದೆ. ನೆರವು ಬೇಕಾದರೆ ‘ಆರ್‌ಎಫ್‌ಎಚ್’, ಬೇರೆಯವರಿಗೆ ವಹಿಸಬೇಕಾದರೆ ‘ಆರ್‌ಎಫ್‌ಎ’ ಎಂದು ಬಗ್ ದಾಖಲಿಸುವ ವ್ಯವಸ್ಥೆಯೂ ಇದೆ. ವಿ ಬಿಡಲಿಲ್ಲ, ತಂಡದ ಹೆಸರಿನಲ್ಲಿ ನಿರ್ವಹಿಸಲು ಒಪ್ಪಿಕೊಂಡರು. ತಿದ್ದಿದ ಪ್ಯಾಕೇಜ್ ಈಗ ಮತ್ತೆ ಸರದಿಯಲ್ಲಿದೆ.