ಸಂಪಾದಕರ ಉತ್ತರ: ವೆಂಡೆಲ್ ಸ್ಮಿತ್ ಸಂಬಳ ತೆಗೆದುಕೊಂಡದ್ದು ತಪ್ಪೇ?

ತಿಪಟೂರಿನಿಂದ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಅಮೆರಿಕದ ಬೇಸ್‌ಬಾಲ್‌ನ ಅತಿ ದೊಡ್ಡ ಹಂತವಾದ ಮೇಜರ್ ಲೀಗ್‌ನಲ್ಲಿ ಕಪ್ಪು ಜನರಿಗಿದ್ದ ತಡೆ ಮುರಿದ ಆಟಗಾರ ಜಾಕಿ ರಾಬಿನ್ಸನ್ ಕುರಿತು ಹೋದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿದೆ. ಆದರೆ ಅದರಲ್ಲಿದ್ದ ಒಂದು ಸಾಲು ಕಾಡಿದೆ. ಅವರ ಮಾತಿನಲ್ಲೇ ಕೇಳಿ: “ರಾಬಿನ್ಸನ್ ಜೊತೆ ಓಡಾಡಿದ ಪತ್ರಕರ್ತ ವೆಂಡೆಲ್ ಸ್ಮಿತ್‌ಗೆ ಬ್ರೂಕ್ಲಿನ್ ಡಾಡ್ಜರ್ಸ್ ಕ್ಲಬ್ಬೇ ವಾರಕ್ಕೆ 50 ಡಾಲರ್ ಕೊಡುತ್ತಿತ್ತು ಎಂದಿದ್ದೀರಿ. ಕ್ಲಬ್ಬಿನ ದುಡ್ಡು ತಗೊಂಡು ಕ್ಲಬ್ಬಿನ ಸುದ್ದಿ ಬರೆಯುವವರನ್ನು ಪತ್ರಕರ್ತ ಅನ್ನಬಹುದಾ? ಬಾಗಿಲು ತೆರೆದದ್ದು ಕ್ಲಬ್ಬಿನ ಮುಖ್ಯಸ್ಥ ಬ್ರಾಂಚ್ ರಿಕಿ. ಆಡಿ ಗೆದ್ದದ್ದು ರಾಬಿನ್ಸನ್. ಬರೆದವರ ಪಾಲು ಇದರಲ್ಲಿ ಏನಿದೆ?”

ಮೇಷ್ಟ್ರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಲು ನನಗೆ ಮನಸ್ಸಾಗಲಿಲ್ಲ. ಸಂಬಳದ ವಿಷಯಕ್ಕೆ ಬರುತ್ತೇನೆ. ಮೊದಲು ಸ್ಮಿತ್ ಯಾರು, ಅವರು ಬರೆಯುತ್ತಿದ್ದದ್ದು ಎಂಥ ಕಾಲದಲ್ಲಿ ಅನ್ನುವುದನ್ನು ಹೇಳಬೇಕು.

ಸ್ಮಿತ್ ಡೆಟ್ರಾಯಿಟ್‌ನವರು. ಹತ್ತೊಂಬತ್ತರ ವಯಸ್ಸಿನಲ್ಲಿ ಒಳ್ಳೆಯ ಪಿಚರ್, ಅಂದರೆ ಚೆಂಡೆಸೆಯುವವರು. ಒಂದು ಮುಖ್ಯ ಪಂದ್ಯವನ್ನು 1-0ರಿಂದ ಗೆಲ್ಲಿಸಿಕೊಟ್ಟರು. ಆಟಗಾರರನ್ನು ಆರಿಸಲು ಮೇಜರ್ ಲೀಗ್ ಕ್ಲಬ್ಬಿನವರೊಬ್ಬರು ಬಂದಿದ್ದರು. ಅವರು ಸ್ಮಿತ್ ತಂಡದ ಕ್ಯಾಚರ್‌ನನ್ನು (ಬ್ಯಾಟ್ ಮಾಡುವವನ ಹಿಂದೆ ನಿಂತು ಚೆಂಡು ಹಿಡಿಯುವವನನ್ನು) ತೆಗೆದುಕೊಂಡರು. ಸೋತ ತಂಡದ ಪಿಚರ್‌ನನ್ನೂ ತೆಗೆದುಕೊಂಡರು. ಗೆದ್ದ ಪಿಚರ್‌ಗೆ ಮಾತ್ರ, ನೀನು ಕಪ್ಪು ಹುಡುಗ, ನಿನ್ನನ್ನು ಸೇರಿಸಿಕೊಳ್ಳಲು ಆಗುವುದಿಲ್ಲ ಎಂದು ಹೇಳಿ ಹೋದರು. ಈ ಅನ್ಯಾಯ ಸರಿಯಾಗುವ ತನಕ ಕೈಲಾದದ್ದನ್ನೆಲ್ಲ ಮಾಡಬೇಕು ಎಂದು ಅವತ್ತೇ ನಿರ್ಧರಿಸಿದೆ ಎಂದು ಸ್ಮಿತ್ ಮುಂದೆ ಹೇಳಿಕೊಂಡಿದ್ದಾರೆ. 1937ರಲ್ಲಿ ಅವರು ‘ಪಿಟ್ಸ್‌ಬರ್ಗ್ ಕೂರಿಯರ್’ ಸೇರಿದರು. ಅದು ಕಪ್ಪು ಜನರೇ ನಡೆಸುತ್ತಿದ್ದ ವಾರಪತ್ರಿಕೆ.

ಕಪ್ಪು ಆಟಗಾರ ಬೇಡ ಅನ್ನುವ ಲಿಖಿತ ನಿಯಮ ಮೇಜರ್ ಲೀಗ್‌ನಲ್ಲಿ ಎಲ್ಲೂ ಇರಲಿಲ್ಲ. ಆದರೂ 1884ರ ನಂತರ ಒಬ್ಬನೇ ಒಬ್ಬ ಕಪ್ಪು ಆಟಗಾರನನ್ನು ಒಳಗೆ ಬಿಟ್ಟಿರಲಿಲ್ಲ. ಮಾಲೀಕರನ್ನು ಕೇಳಿದರೆ, ನಮ್ಮದೇನೂ ಅಡ್ಡಿ ಇಲ್ಲ, ಬಿಳಿ ಆಟಗಾರರು ಒಪ್ಪಲ್ಲ ಅನ್ನುತ್ತಿದ್ದರು. ದಶಕಗಟ್ಟಲೆ ಇದೇ ಉತ್ತರ. ಇದು ನಿಜವೇ ಎಂದು ಆಟಗಾರರನ್ನೇ ಕೇಳೋಣ ಎಂದು ಸ್ಮಿತ್ ಹೊರಟರು. 1939ರಲ್ಲಿ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ತಂಡಗಳು ಪಿಟ್ಸ್‌ಬರ್ಗ್‌ಗೆ ಬಂದಾಗ ಅವರು ಇಳಿದುಕೊಳ್ಳುತ್ತಿದ್ದ ಶೆನ್ಲಿ ಹೋಟೆಲ್‌ಗೆ ಹೋಗಿ ಕೂತರು. ಲೀಗಿನ ಎಂಟೂ ಮ್ಯಾನೇಜರ್‌ಗಳನ್ನು, ನಲವತ್ತು ಆಟಗಾರರನ್ನು ಮಾತನಾಡಿಸಿದರು. ಹೆಚ್ಚಿನವರು, ನಮ್ಮ ಅಭ್ಯಂತರವಿಲ್ಲ ಎಂದರು. ಸ್ಮಿತ್ ಅದನ್ನು ಹೆಸರು ಸಮೇತ ವಾರ ವಾರ ಅಚ್ಚು ಹಾಕಿದರು. ಮಾಲೀಕರ ನೆಪ ಅಲ್ಲಿಗೆ ಬಯಲಾಯಿತು. ಇಡೀ ಹೋರಾಟದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಕೆಲಸ. ಕೇಳಬೇಕಾದವರ ಹತ್ತಿರ ಹೋಗಿ, ಕೇಳಬೇಕಾದ ಒಂದೇ ಪ್ರಶ್ನೆ ಕೇಳಿ, ಬಂದ ಉತ್ತರ ಬರೆದರು. ಪತ್ರಕರ್ತನ ಕೆಲಸ ಅಂದರೆ ಇದೇ ಅಲ್ವಾ ಮೇಷ್ಟ್ರೇ?

ಸ್ಮಿತ್ ಒಬ್ಬರೇ ಇರಲಿಲ್ಲ. ವಾಷಿಂಗ್ಟನ್‌ನಲ್ಲಿ ಬೆಳೆದ ಕಪ್ಪು ಪತ್ರಕರ್ತ ಸ್ಯಾಮ್ ಲೇಸಿ ಅಲ್ಲಿನ ಸೆನೆಟರ್ಸ್ ಕ್ಲಬ್ಬಿನ ಮಾಲೀಕ ಕ್ಲಾರ್ಕ್ ಗ್ರಿಫಿತ್ ಅವರನ್ನು ಮುಖಾಮುಖಿ ಕೇಳಿದ್ದರು. ಕಪ್ಪು ಆಟಗಾರರನ್ನು ತಗೊಂಡರೆ ಅವರದೇ ಆದ ನೀಗ್ರೋ ಲೀಗ್ ಮುಳುಗುತ್ತದೆ, ನಾನೂರು ಜನರ ಕೆಲಸ ಹೋಗುತ್ತದೆ ಎಂದರಂತೆ ಗ್ರಿಫಿತ್. ಲಿಂಕನ್ ಗುಲಾಮರನ್ನು ಬಿಡಿಸಿದಾಗ ನಾಲ್ಕು ಲಕ್ಷ ಜನರ ‘ಕೆಲಸ’ ಹೋಯಿತಲ್ಲ ಎಂದು ಲೇಸಿ ತಿರುಗಿಸಿ ಕೊಟ್ಟರು. ಇದು ಲೇಸಿ ಅವರೇ ಹೇಳಿದ ಕಥೆ. ಗ್ರಿಫಿತ್ ಅವರ ಮೈದಾನವನ್ನು ಹೋಮ್‌ಸ್ಟೆಡ್ ಗ್ರೇಸ್ ಎಂಬ ನೀಗ್ರೋ ಲೀಗ್ ತಂಡ ಬಾಡಿಗೆಗೆ ಹಿಡಿಯುತ್ತಿತ್ತು. ಕಪ್ಪು ಜನರ ಆಟದಿಂದ ಬಾಡಿಗೆ ಬೇಕು, ಕಪ್ಪು ಆಟಗಾರ ಬೇಡ.

ಇದೆಲ್ಲ ನಡೆಯುವಾಗ ಬಿಳಿಯರ ಪತ್ರಿಕೆಗಳ ಕ್ರೀಡಾ ಪುಟಗಳು ಬಹುಪಾಲು ಬಾಯಿ ಬಿಡಲಿಲ್ಲ. ನ್ಯೂಯಾರ್ಕ್‌ನ ಕಮ್ಯುನಿಸ್ಟ್ ಪತ್ರಿಕೆ ‘ಡೈಲಿ ವರ್ಕರ್’ನ ಲೆಸ್ಟರ್ ರಾಡ್ನಿ ಅಂಥ ಬಿಳಿಯರು ವರ್ಷಗಟ್ಟಲೆ ದನಿ ಎತ್ತಿದ್ದನ್ನು ಮರೆಯಬಾರದು. ಆದರೆ ಬೇಸ್‌ಬಾಲ್ ಲೋಕವೆಲ್ಲ ನಂಬಿ ಓದುತ್ತಿದ್ದ ‘ಸ್ಪೋರ್ಟಿಂಗ್ ನ್ಯೂಸ್’ 1942ರ ಆಗಸ್ಟ್‌ನಲ್ಲಿ, ಈ ವಿಷಯ ಎತ್ತಿದರೆ ಯಾರಿಗೂ ಒಳ್ಳೆಯದಾಗದು ಎಂದು ಸಂಪಾದಕೀಯವನ್ನೇ ಬರೆಯಿತು. ಆಗ ಅದನ್ನು ನಡೆಸುತ್ತಿದ್ದವರು ಟೇಲರ್ ಸ್ಪಿಂಕ್.

ಅದೇ ವರ್ಷದ ಆರಂಭದಲ್ಲಿ ‘ಕೂರಿಯರ್’ಗೆ ಕಾನ್ಸಾಸ್‌ನ ಒಬ್ಬ ಯುವಕ ಪತ್ರ ಬರೆದಿದ್ದ. ಹೊರಗಿನ ಶತ್ರುವಿನ ಮೇಲೂ ಗೆಲ್ಲಬೇಕು, ಒಳಗಿನ ತಾರತಮ್ಯದ ಮೇಲೂ ಗೆಲ್ಲಬೇಕು ಅನ್ನುವುದು ಅವನ ಮಾತು. ಪತ್ರಿಕೆ ಅದನ್ನು ‘ಡಬಲ್ ವಿ’ (ಎರಡು ವಿಕ್ಟರಿ, ಅಂದರೆ ಎರಡು ಗೆಲುವು) ಎಂಬ ದೇಶವ್ಯಾಪಿ ಚಳವಳಿ ಮಾಡಿತು. ಓದುಗರ ಪತ್ರಕ್ಕೆ ಎಂಥ ಬಲ ಇರಬಹುದು ನೋಡಿ. ಯುದ್ಧದಲ್ಲಿ ಕಪ್ಪು ಸೈನಿಕ ಸಾಯಬಹುದಾದರೆ ಮೈದಾನದಲ್ಲಿ ಯಾಕೆ ಆಡಬಾರದು ಅನ್ನುವ ಪ್ರಶ್ನೆಗೆ ಇಲ್ಲಿಂದ ಕಸುವು ಬಂತು.

1945ರ ಏಪ್ರಿಲ್‌ನಲ್ಲಿ ಎರಡು ಘಟನೆ ನಡೆದವು. ನ್ಯೂಯಾರ್ಕ್‌ನ ಜೋ ಬಾಸ್ಟಿಕ್ ಎಂಬ ಪತ್ರಕರ್ತ ಇಬ್ಬರು ಆಟಗಾರರನ್ನು ಕರೆದುಕೊಂಡು, ಹೇಳದೆ ಕೇಳದೆ, ಡಾಡ್ಜರ್ಸ್ ಅಭ್ಯಾಸ ಮಾಡುತ್ತಿದ್ದ ಬೇರ್ ಮೌಂಟನ್‌ಗೆ ಹೋದರು. ರಿಕಿ ಕೆಂಡವಾದರು, ಆದರೂ ಪರೀಕ್ಷೆ ಮಾಡಲೇಬೇಕಾಯಿತು. ಮುಂದೆ ಕೆಲವೇ ದಿನಕ್ಕೆ, 16ನೇ ತಾರೀಖು, ಸ್ಮಿತ್ ಮೂವರನ್ನು ಬಾಸ್ಟನ್‌ಗೆ ಕರೆದೊಯ್ದರು: ಜಾಕಿ ರಾಬಿನ್ಸನ್, ಸ್ಯಾಮ್ ಜೆತ್ರೋ, ಮಾರ್ವಿನ್ ವಿಲಿಯಮ್ಸ್. ಬಾಸ್ಟನ್ ನಗರಸಭೆಯ ಸದಸ್ಯ ಇಸಡೋರ್ ಮುಚ್ನಿಕ್, ಇವರನ್ನು ಪರೀಕ್ಷಿಸದಿದ್ದರೆ ಭಾನುವಾರದ ಪಂದ್ಯಗಳ ಪರವಾನಗಿಗೆ ಅಡ್ಡ ಬರುತ್ತೇನೆ ಎಂದು ಪಟ್ಟು ಹಿಡಿದಿದ್ದರು. ರೆಡ್ ಸಾಕ್ಸ್ ಕ್ಲಬ್ ಸುಮ್ನೆ ಶಾಸ್ತ್ರಕ್ಕೆ ಒಂದು ಪರೀಕ್ಷೆ ಮುಗಿಸಿ ಕಳಿಸಿತು. ಮತ್ತೆ ಸುದ್ದಿಯೇ ಇಲ್ಲ. ಜೆತ್ರೋ 1950ರಲ್ಲಿ ಅದೇ ಊರಿನ ಇನ್ನೊಂದು ಕ್ಲಬ್ಬಿಗೆ ಆಡಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರು. ರೆಡ್ ಸಾಕ್ಸ್ ತಂಡಕ್ಕೆ ಮೊದಲ ಕಪ್ಪು ಆಟಗಾರ ಬಂದದ್ದು 1959ರಲ್ಲಿ, ಎಲ್ಲ ಕ್ಲಬ್ಬುಗಳಿಗಿಂತ ಕೊನೆಗೆ.

ಬಾಸ್ಟನ್‌ನಿಂದ ವಾಪಸಾಗುವಾಗ ಸ್ಮಿತ್ ಬ್ರೂಕ್ಲಿನ್‌ನಲ್ಲಿ ರಿಕಿಯನ್ನು ಕಂಡರು. ಇವರಲ್ಲಿ ಮೇಜರ್ ಲೀಗ್ ಆಡಬಲ್ಲವರು ಯಾರು ಎಂದು ರಿಕಿ ಕೇಳಿದರು. ಸ್ಮಿತ್ ರಾಬಿನ್ಸನ್ ಹೆಸರು ಹೇಳಿದರು. ರಿಕಿ ಕಡೆಯವರೂ ನೀಗ್ರೋ ಲೀಗ್ ಪಂದ್ಯಗಳನ್ನು ನೋಡುತ್ತಿದ್ದರು, ಆದ್ದರಿಂದ ಎಲ್ಲವೂ ಸ್ಮಿತ್ ಮಾತಿನಿಂದಲೇ ಆಯಿತು ಅನ್ನುವುದು ಜಾಸ್ತಿಯಾದೀತು. ಆದರೆ ರಿಕಿ ಬಾಗಿಲು ತೆರೆಯುವ ಮೊದಲು ಅದನ್ನು ವರ್ಷಗಟ್ಟಲೆ ತಟ್ಟಿದವರು ಇವರು.

ಈಗ ನಿಮ್ಮ 50 ಡಾಲರ್. ರಿಕಿ ಸೇರಿಸಿಕೊಂಡ ಮೇಲೆ, 1946ರಲ್ಲಿ ರಾಬಿನ್ಸನ್ ತರಬೇತಿಗೆ ಫ್ಲೋರಿಡಾಕ್ಕೆ ಹೋದರು. ತಂಡದ ಬಿಳಿಯರು ಇಳಿದ ಹೋಟೆಲ್‌ಗೆ ಅವರಿಗೆ ಪ್ರವೇಶವಿಲ್ಲ. ಅವರು ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು, ಯಾವ ರಸ್ತೆಯಲ್ಲಿ ಹೋಗಬೇಕು ಎಂದು ನೋಡಿಕೊಳ್ಳಲು ರಿಕಿ ಸ್ಮಿತ್‌ರನ್ನು ಕೇಳಿದರು. ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ ಒಬ್ಬ ಕಪ್ಪು ಗೃಹಸ್ಥರ ಮನೆಯಲ್ಲಿ ಉಳಿದಿದ್ದರು. ಊರು ಬಿಡದಿದ್ದರೆ ಗತಿ ನೆಟ್ಟಗಿರಲ್ಲ ಎಂಬ ಬೆದರಿಕೆ ಬಂತು. ಸ್ಮಿತ್ ಮತ್ತು ಅವರ ಜೊತೆಗಾರ, ಫೋಟೋಗ್ರಾಫರ್ ಬಿಲ್ಲಿ ರೋ, ರಾಬಿನ್ಸನ್‌ರನ್ನು ಕಾರಿನಲ್ಲಿ ಕೂರಿಸಿಕೊಂಡು ಡೇಟೋನಾ ಬೀಚ್‌ಗೆ ಕರೆತಂದರು. ಬಿಳಿ ಆಟಗಾರರಿಗೆ ರೂಮು, ಊಟ ನೋಡಲು ಕ್ಲಬ್ಬಿನ ನೌಕರರೇ ಇದ್ದರು. ಅದೇ ಕೆಲಸವನ್ನು, ಜೀವ ಕೈಯಲ್ಲಿ ಹಿಡಿದು, ಸ್ಮಿತ್ ಮಾಡಿದರು. ಅದಕ್ಕೆ ಸಂಬಳ ತಗೊಂಡರು.

ಇನ್ನೂ ಒಂದು ಮಾತು. ಆ ಕಾಲದಲ್ಲಿ ತಂಡದ ಜೊತೆ ಹೋಗುವ ಬಿಳಿ ವರದಿಗಾರರ ರೈಲು, ಹೋಟೆಲ್, ಊಟದ ಖರ್ಚನ್ನು ಸಾಮಾನ್ಯವಾಗಿ ಕ್ಲಬ್ಬುಗಳೇ ಕೊಡುತ್ತಿದ್ದವು. ಅದು ರೂಢಿ. ಅವರ ಪತ್ರಿಕಾಧರ್ಮವನ್ನು ಯಾರೂ ಪ್ರಶ್ನಿಸಲಿಲ್ಲ. ಸ್ಮಿತ್‌ಗಾದರೋ ಪ್ರೆಸ್ ಬಾಕ್ಸಿನಲ್ಲೇ ಜಾಗವಿರಲಿಲ್ಲ. ಬೇಸ್‌ಬಾಲ್ ಬರಹಗಾರರ ಸಂಘ ಅವರ ಅರ್ಜಿಯನ್ನು ತಳ್ಳಿಹಾಕಿತ್ತು. ಗ್ಯಾಲರಿಯಲ್ಲಿ ಜನರ ನಡುವೆ ಕೂತು ಟೈಪ್ ಮಾಡುತ್ತಿದ್ದರು.

ಹಾಗೆಂದು ಆ ಸಂಬಂಧದಲ್ಲಿ ತೊಡಕೇ ಇರಲಿಲ್ಲ ಅನ್ನಲಾರೆ. ರಾಬಿನ್ಸನ್ ಮೇಲೆ ರಿಕಿ ಕಣ್ಣಿದೆ ಎಂದು ಗೊತ್ತಿದ್ದೂ ಸ್ಮಿತ್ ಬಹಿರಂಗಪಡಿಸಲಿಲ್ಲ. 1945ರ ಅಕ್ಟೋಬರ್ 23ರಂದು ರಿಕಿ ಕಡೆಯವರೇ ಘೋಷಿಸಿದ ಮೇಲೆ ಜಗತ್ತಿಗೆ ತಿಳಿಯಿತು. ಆಮೇಲೆ ರಾಬಿನ್ಸನ್ ಹೆಸರಿನಲ್ಲಿ ಬರುತ್ತಿದ್ದ ಅಂಕಣವನ್ನು ಬರೆಯುತ್ತಿದ್ದವರೂ ಸ್ಮಿತ್ತೇ. ಇಂದಿನ ಯಾವ ಸಂಪಾದಕರೂ ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಮೊದಲೇ ಬರೆದು ಎಲ್ಲ ಕೆಟ್ಟಿದ್ದರೆ ಅದರಿಂದ ‘ಕೂರಿಯರ್’ ಓದುಗರಿಗೆ ಏನು ಸಿಗುತ್ತಿತ್ತು? ಅವರು ಕಾಯುತ್ತಿದ್ದದ್ದು ಸುದ್ದಿಗಲ್ಲ, ಬಾಗಿಲು ತೆರೆಯುವುದಕ್ಕೆ. ಸ್ಮಿತ್ ಕ್ಲಬ್ಬಿನ ಆಳೂ ಆಗಿರಲಿಲ್ಲ, ರಾಬಿನ್ಸನ್‌ರ ಆಳೂ ಆಗಿರಲಿಲ್ಲ. 1949ರಲ್ಲಿ ರಾಬಿನ್ಸನ್ ಪತ್ರಿಕೆಗಳವರ ಮೇಲೆ ಸಿಡುಕಿದಾಗ, ನಿಮ್ಮನ್ನು ಜನರಿಗೆ ತೋರಿಸಿದ್ದೇ ಪತ್ರಿಕೆಗಳು ಎಂದು ಸ್ಮಿತ್ ಖಾರವಾಗಿಯೇ ಬರೆದರು.

ನನ್ನನ್ನು ನಿಜವಾಗಿ ಕಲಕುವುದು ಬೇರೆ ವಿಷಯ. ಈ ಗೆಲುವಿನಿಂದ ಇವರ ಜನರದ್ದೇ ಒಂದು ಲೋಕ ಕರಗಿತು. ನೀಗ್ರೋ ಲೀಗ್‌ನ ಆಯ್ದ ತಾರೆಯರು ಆಡುವ ಈಸ್ಟ್-ವೆಸ್ಟ್ ಪಂದ್ಯಕ್ಕೆ ಶಿಕಾಗೋದಲ್ಲಿ 50,000ಕ್ಕೂ ಮೀರಿ ಜನ ಸೇರಿದ್ದುಂಟು. 1947ರ ಏಪ್ರಿಲ್ 15ರಂದು ರಾಬಿನ್ಸನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದ ಮೇಲೆ ಆ ಜನ ಅತ್ತ ಹೋದರು. ರಾಬಿನ್ಸನ್‌ಗಾಗಿ ಅವರ ಹಳೆಯ ತಂಡ ಕಾನ್ಸಾಸ್ ಸಿಟಿ ಮೊನಾರ್ಕ್ಸ್‌ಗೆ ರಿಕಿ ಒಂದು ಡಾಲರ್ ಕೊಡಲಿಲ್ಲ. 1948ರ ನಂತರ ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. 1947ರಲ್ಲಿ ಮೂರೂವರೆ ಲಕ್ಷ ಪ್ರತಿ ಮಾರುತ್ತಿದ್ದ ‘ಕೂರಿಯರ್’ ಕೂಡ ಇಳಿಯುತ್ತ ಬಂತು. ತಮ್ಮ ಕಾಲ ಕೆಳಗಿನ ನೆಲವೂ ಹೋಗಬಹುದು ಎಂಬ ಅಂದಾಜು ಈ ಬರಹಗಾರರಿಗೆ ಇರಲಿಲ್ಲ ಅಂದುಕೊಳ್ಳಲು ನನಗಾಗುವುದಿಲ್ಲ. ಗ್ರಿಫಿತ್‌ಗೆ ಲೇಸಿ ಕೊಟ್ಟ ಉತ್ತರದಲ್ಲೇ ಅದು ಇದೆ.

ರಾಬಿನ್ಸನ್ ಬಂದ ಮೇಲೆ ಕೆಲಸವೂ ಮುಗಿಯಲಿಲ್ಲ. 1948ರಲ್ಲಿ ಬರಹಗಾರರ ಸಂಘ ಮೊದಲ ಕಪ್ಪು ಸದಸ್ಯನಾಗಿ ಲೇಸಿಯನ್ನು ಸೇರಿಸಿಕೊಂಡಿತು. ಆಮೇಲೂ ನ್ಯೂ ಆರ್ಲಿಯನ್ಸ್‌ನಲ್ಲಿ ಅವರನ್ನು ಪ್ರೆಸ್ ಬಾಕ್ಸ್ ಒಳಗೆ ಬಿಡಲಿಲ್ಲ. ಅವರು ಅದರ ಮಾಡು ಹತ್ತಿ ಕೂತು ಬರೆದರು. ಕೆಲವು ಬಿಳಿ ವರದಿಗಾರರೂ ಹತ್ತಿ ಬಂದು ಪಕ್ಕದಲ್ಲಿ ಕೂತರು. 1961ರಲ್ಲಿ, ಆಗ ಶಿಕಾಗೋದ ಬಿಳಿಯರ ಪತ್ರಿಕೆಯಲ್ಲಿದ್ದ ಸ್ಮಿತ್, ಕಪ್ಪು ಆಟಗಾರರು ಫ್ಲೋರಿಡಾದಲ್ಲಿ ಇನ್ನೂ ಬೇರೆ ಮನೆಗಳಲ್ಲಿ ಮಲಗಬೇಕಾಗಿದೆ ಎಂದು ಒಂದರ ಮೇಲೊಂದು ವರದಿ ಬರೆದರು. ಮುಂದಿನ ಕೆಲವು ವರ್ಷಗಳಲ್ಲಿ ಕ್ಲಬ್ಬುಗಳು ಒಂದೊಂದಾಗಿ ಬದಲಾದವು.

ಸ್ಮಿತ್ ತೀರಿಕೊಂಡದ್ದು 1972ರ ನವೆಂಬರ್‌ನಲ್ಲಿ, ರಾಬಿನ್ಸನ್ ತೀರಿಕೊಂಡ ಮರು ತಿಂಗಳು. ಒಮ್ಮೆ ಅವರ ಅರ್ಜಿ ತಳ್ಳಿದ್ದ ಅದೇ ಸಂಘ, ಅವರಿಗೆ 1993ರ ಅತ್ಯುನ್ನತ ಪ್ರಶಸ್ತಿ ಕೊಟ್ಟಿತು. ಲೇಸಿಗೆ 1997ರದ್ದು ಬಂತು. ಆ ಪ್ರಶಸ್ತಿಗೆ ಆಗ ಇದ್ದದ್ದು ‘ಸ್ಪೋರ್ಟಿಂಗ್ ನ್ಯೂಸ್’ನ ಟೇಲರ್ ಸ್ಪಿಂಕ್ ಹೆಸರು. 2021ರಲ್ಲಿ ಸಂಘದ ಸದಸ್ಯರು ಮತ ಹಾಕಿ ಆ ಹೆಸರನ್ನು ತೆಗೆದುಹಾಕಿದರು.

— ಸಂಪಾದಕ