ಧಾರವಾಡದ ನಮ್ಮ ಲ್ಯಾಬ್‌ನ ಪ್ರಾಜೆಕ್ಟ್‌ನಲ್ಲಿ ಕಾರ್ಮ್-2 (ಕಾರ್ಬನ್ ಮೊನಾಕ್ಸೈಡ್, ಅಂದರೆ ಸಿಒ, ಬಿಡುವ ರುಥೇನಿಯಂ ಲೋಹದ ಸಂಯುಕ್ತ) ಸಾದಾ ಬಫರ್‌ನಲ್ಲಿ ಇ.ಕೊಲೈ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಎಲ್‌ಬಿ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಏನೂ ಆಗಲ್ಲ, ಯಾಕೆ?

ಬಹುಶಃ ಬ್ರಾತ್‌ದೇ ತಪ್ಪು. ಎಲ್‌ಬಿಯಲ್ಲಿರುವ ಸಿಸ್ಟೀನ್, ಹಿಸ್ಟಿಡಿನ್ ತರಹದ ಅಮೈನೋ ಆಮ್ಲಗಳು ಕಾರ್ಮ್-2ರ ರುಥೇನಿಯಂ ಅನ್ನು ಮೊದಲೇ ಹಿಡಿದುಬಿಡುತ್ತವೆ, ಬ್ಯಾಕ್ಟೀರಿಯಾದವರೆಗೆ ಹೋಗೋದು ಸ್ವಲ್ಪವೇ.

ಮೊದಲು ಎಂ9 ಗ್ಲೂಕೋಸ್ ಮೀಡಿಯಂನಲ್ಲಿ (ಲವಣ, ಗ್ಲೂಕೋಸ್ ಇರುವ, ಅಮೈನೋ ಆಮ್ಲ ಇಲ್ಲದ ದ್ರವ) ಮಾಡಿ ನೋಡಿ, ಅದರ ಲವಣಗಳು ನಿಮ್ಮ ಧಾರವಾಡದ ಲ್ಯಾಬ್‌ನಲ್ಲೇ ಇರುತ್ತವೆ, ಕ್ಯಾಸಮಿನೋ ಆಸಿಡ್ (ಅಮೈನೋ ಆಮ್ಲಗಳ ಮಿಶ್ರಣ) ಮಾತ್ರ ಹಾಕಬೇಡಿ. ಕಾರ್ಮ್-2 ಅನ್ನು ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಆಗಲೇ ಕರಗಿಸಿ ಆಗಲೇ ಬಳಸಿ. ಇಟ್ಟಷ್ಟೂ ಅದು ಡಿಎಂಎಸ್‌ಒ ಜೊತೆಗೇ ಸೇರಿ ಬದಲಾಗುತ್ತೆ, ಹಾಗಾಗಿ ನಿಮ್ಮ ಸ್ಟಾಕ್ ಹಳೆಯದಾಗಿದ್ದರೆ ಅದೂ ಒಂದು ಕಾರಣ ಇರಬಹುದು. ಹೋಲಿಸಿ ನೋಡೋಕೆ ಬರೀ ಡಿಎಂಎಸ್‌ಒ ಹಾಕಿದ ಒಂದು ಟ್ಯೂಬ್ ಬೇಕೇ ಬೇಕು.

ಆಮೇಲೆ ಮುಖ್ಯವಾದದ್ದು: ಇನ್ನೊಂದು ಎಂ9 ಟ್ಯೂಬ್‌ಗೆ ಮೊದಲು ಸಿಸ್ಟೀನ್ ಹಾಕಿ, ನಂತರ ಕಾರ್ಮ್-2 ಹಾಕಿ. ಅಲ್ಲಿ ಬ್ಯಾಕ್ಟೀರಿಯಾ ಬದುಕಿದರೆ ಕೊಲ್ಲುತ್ತಿದ್ದದ್ದು ರುಥೇನಿಯಂ ಇರೋ ಸಾಧ್ಯತೆಯೇ ಜಾಸ್ತಿ, ಕಾರ್ಬನ್ ಮೊನಾಕ್ಸೈಡ್ ಅಲ್ಲ. 2018ರಲ್ಲಿ ಇದೇ ಜಾತಿಯ ಕಾರ್ಮ್-3 ಮೇಲೆ ಬಂದ ಒಂದು ಪ್ರಬಂಧವೂ ಇದನ್ನೇ ಹೇಳಿತ್ತು. ಆದ್ದರಿಂದ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಸುಮ್ನೆ "ಸಿಒ ಕೊಂದಿತು" ಅಂತ ಬರೆಯಬೇಡಿ, ವೈವಾದಲ್ಲಿ ಮೊದಲ ಪ್ರಶ್ನೆ ಅದೇ ಬರುತ್ತೆ.

ಹೋಲಿಕೆಗೆ ಸಿಒ ಗ್ಯಾಸ್ ಹಾಯಿಸೋ ಯೋಚನೆ ಇದ್ದರೆ ಫ್ಯೂಮ್ ಹುಡ್, ಸಿಒ ಅಲಾರಂ ಎರಡೂ ಇಲ್ಲದೆ ಕೈ ಹಾಕಬೇಡಿ, ಆ ವಿಷಾನಿಲಕ್ಕೆ ವಾಸನೆಯೇ ಇಲ್ಲ.