ಮೋನೆಯ ದೊಡ್ಡ ನೈದಿಲೆಗಳು ಓರ್ಸೆಯಲ್ಲಿ ಇಲ್ಲ

ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂ ಪೂರ್ತಿ ಸುತ್ತಿದರೂ ಫ್ರೆಂಚ್ ಚಿತ್ರಕಾರ ಮೋನೆಯ ಗೋಡೆ ತುಂಬುವ ನೈದಿಲೆ ಚಿತ್ರಗಳು ಸಿಗಲಿಲ್ಲ ಅಂದಿದ್ದೀರಿ. ನೀವು ಹೋದ ಮ್ಯೂಸಿಯಂ ಬೇರೆ, ಬಹುಶಃ ಅಷ್ಟೇ ಕಾರಣ. ಅವು ಇರುವುದು ಸೇನ್ ನದಿಯ ಆಚೆ ದಡದಲ್ಲಿ, ಟ್ವೀಲರಿ ತೋಟದ ಮೂಲೆಯ ಒರಾಂಜೆರಿ ಮ್ಯೂಸಿಯಂನಲ್ಲಿ. ಕಾಲು ಗಂಟೆಯ ನಡಿಗೆ.

ನಿಮಗೆ ಉಳಿದಿರುವುದು ಗುರುವಾರ ಒಂದೇ ಅಲ್ವಾ, ಅದು ಒಳ್ಳೆಯದೇ ಆಯಿತು. ಇವತ್ತೇ ಒರಾಂಜೆರಿಗೆ ಆನ್‌ಲೈನ್ ಟಿಕೆಟ್ ತೆಗೆದುಕೊಳ್ಳಿ. ಬೆಳಿಗ್ಗೆ 9ಕ್ಕೆ, ಬಾಗಿಲು ತೆರೆಯುವ ಹೊತ್ತಿನದೇ ಇರಲಿ. ಒಳಗೆ ಹೋದ ತಕ್ಷಣ ಬೇರೇನೂ ನೋಡದೆ ನೇರ ಆ ಎರಡು ಅಂಡಾಕಾರದ ಕೋಣೆಗಳಿಗೆ ಹೋಗಿ. ಎಂಟು ಚಿತ್ರಗಳು, ಎತ್ತರ ಸುಮಾರು 2 ಮೀಟರ್. ಬೆಳಕು ಚಾವಣಿಯಿಂದ ಬರುತ್ತದೆ, ಮೋನೆಗೆ ಬೇಕಿದ್ದದ್ದೂ ಹಾಗೆಯೇ. ಅವರು ತೀರಿಕೊಂಡ ಮರುವರ್ಷ, 1927ರಲ್ಲಿ, ಈ ಕೋಣೆಗಳು ಜನರಿಗೆ ತೆರೆದವು. ಮೊದಲು ಹತ್ತಿರ ನಿಂತು ಬಣ್ಣದ ಗೀಟುಗಳನ್ನು ನೋಡಿ, ಆಮೇಲೆ ನಡುವಿನ ಬೆಂಚಿನಲ್ಲಿ ಸುಮ್ನೆ ಕೂತುಬಿಡಿ. ಮೋಡ ಸರಿದರೆ ನೀರಿನ ಬಣ್ಣವೇ ಬದಲಾದಂತೆ ಕಾಣುತ್ತದೆ. ಇಲ್ಲಿ ಅವಸರ ಮಾಡಬೇಡಿ, ದಯವಿಟ್ಟು.

ಓರ್ಸೆಗೆ ಇನ್ನೊಮ್ಮೆ ಹೋಗುವ ಆಸೆ ಇದ್ದರೆ ಅದೇ ಸಂಜೆ ಹೋಗಬಹುದು, ಗುರುವಾರ ರಾತ್ರಿ 9:45ರ ತನಕ ತೆರೆದಿರುತ್ತದೆ. ಕೆಳಗಿನ ಶಿಲ್ಪಗಳಲ್ಲಿ ಸಮಯ ಕಳೆಯದೆ ಮೊದಲು ಐದನೇ ಮಹಡಿಗೆ ಹತ್ತಿ. ರೆನ್ವಾರ್, ದೆಗಾ, ಮೋನೆ ಈ ಚಿತ್ರಕಾರರ ಚಿತ್ರಗಳು ಅಲ್ಲಿವೆ. ಕೆಲವು ಚಿತ್ರಗಳು ಬೇರೆ ಊರಿನ ಪ್ರದರ್ಶನಕ್ಕೆ ಹೋಗಿರಬಹುದು, ಹಾಗಾಗಿ ಇಂಥದ್ದೇ ಬೇಕು ಅಂತಿದ್ದರೆ ಹೊರಡುವ ಮುಂಚೆ ಮ್ಯೂಸಿಯಂ ವೆಬ್‌ಸೈಟ್ ನೋಡಿಕೊಳ್ಳಿ.